ವೆಬ್‌ಸೈಟಿಗೆ ಬಂದವರ ನಡೆ ಅಳೆಯುವುದು: ಟ್ಯಾಗ್ ಕೂರಿಸುವುದರಿಂದ ಲೆಕ್ಕ ತಾಳೆಯಾಗುವವರೆಗೆ

ವೆಬ್‌ಸೈಟಿಗೆ ಅನಲಿಟಿಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ. ಅದು ಕೊಡುವ ಅಂಕಿ ನಂಬಿ ಒಂದು ತೀರ್ಮಾನಕ್ಕೆ ಬರುವಷ್ಟು ಸರಿಯಾಗಿ ಹಾಕಲು ಒಂದೆರಡು ವಾರ ಬೇಕು. ಎಷ್ಟೋ ವ್ಯವಹಾರಗಳು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಕೆಲವು ತಿಂಗಳಾದ ಮೇಲೆ ನೋಡಿದರೆ ಡ್ಯಾಶ್‌ಬೋರ್ಡಿನಲ್ಲಿ 60 ಎನ್‌ಕ್ವೈರಿ, ಇನ್‌ಬಾಕ್ಸಿನಲ್ಲಿ 22. ಉಳಿದ 38 ಎಲ್ಲಿ ಹೋದವು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಅಲ್ಲಿಂದ ಮುಂದೆ ಆ ರಿಪೋರ್ಟನ್ನು ಯಾರೂ ತೆರೆದು ನೋಡುವುದಿಲ್ಲ.

ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು, ಮುಂದಿನ ತೊಂದರೆಗಳಲ್ಲಿ ಅರ್ಧ ಅಲ್ಲಿಂದಲೇ ಹುಟ್ಟುತ್ತವೆ. ಪುಟದಲ್ಲಿ ಕೂರಿಸಿದ ಜಾವಾಸ್ಕ್ರಿಪ್ಟ್ ತುಣುಕು, ಅಂದರೆ ಟ್ಯಾಗ್, ಬಂದವರ ಬ್ರೌಸರಿನಲ್ಲಿ ಓಡುತ್ತದೆ. ತನ್ನ ಕುಕಿ (ಬ್ರೌಸರಿನಲ್ಲಿ ಬರೆದಿಡುವ ಚಿಕ್ಕ ಗುರುತು) ಅಲ್ಲಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಒಂದು ಹೊಸ ಸಂಖ್ಯೆ ಹುಟ್ಟಿಸಿ ಕುಕಿಯಲ್ಲಿ ಬರೆದಿಡುತ್ತದೆ. ಆಮೇಲೆ ಪುಟ ತೆರೆದದ್ದು, ಲಿಂಕ್ ಒತ್ತಿದ್ದು, ಕೆಳಗೆ ಸರಿಸಿದ್ದು, ಹೀಗೆ ಒಂದೊಂದಕ್ಕೂ ಆ ಸಂಖ್ಯೆ ಸಮೇತ ಪುಟ್ಟ ಸಂದೇಶವೊಂದನ್ನು ಸರ್ವರಿಗೆ ಕಳಿಸುತ್ತದೆ. ಆ ಒಂದು ಸಂದೇಶಕ್ಕೆ ಇವೆಂಟ್ ಎಂದು ಹೆಸರು.

ಹಾಗಾಗಿ ರಿಪೋರ್ಟಿನಲ್ಲಿ ‘ಬಳಕೆದಾರರು’ ಎಂದು ಕಾಣುವುದು ಬಹುಮಟ್ಟಿಗೆ ಬ್ರೌಸರುಗಳ ಎಣಿಕೆ. ಬೆಳಿಗ್ಗೆ ಮೊಬೈಲಿನಲ್ಲಿ, ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ನೋಡಿದ ಒಬ್ಬರು ಇಬ್ಬರಾಗುತ್ತಾರೆ. ಆ್ಯಡ್ ಬ್ಲಾಕರ್ ಇಟ್ಟುಕೊಂಡವರು ಲೆಕ್ಕಕ್ಕೇ ಬರದಿರಬಹುದು. 2019ರಿಂದ ಸಫಾರಿ ಬ್ರೌಸರು ಜಾವಾಸ್ಕ್ರಿಪ್ಟ್ ಬರೆದ ಕುಕಿಯನ್ನು 7 ದಿನಕ್ಕೆ ಅಳಿಸಿಹಾಕುತ್ತದೆ, ಆದ್ದರಿಂದ ಐಫೋನಿನಲ್ಲಿ ಹತ್ತು ದಿನ ಬಿಟ್ಟು ಮರಳಿ ಬಂದ ಗ್ರಾಹಕರು ಹೊಸಬರಂತೆ ಎಣಿಕೆಯಾಗುತ್ತಾರೆ. ಇವನ್ನು ಪೂರ್ತಿ ಸರಿಪಡಿಸಲಾಗದು. ಗೊತ್ತಿದ್ದರೆ ಸಾಕು, ‘ಮರಳಿ ಬಂದವರು ಕಡಿಮೆ’ ಎಂದು ಗಾಬರಿಬಿದ್ದು ತಪ್ಪು ಹೆಜ್ಜೆ ಇಡುವುದು ತಪ್ಪುತ್ತದೆ.

ಮೊದಲು ಒಂದು ಹಾಳೆ

ಯಾವ ಟೂಲ್ ಎಂದು ಯೋಚಿಸುವ ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆದು ನಾಲ್ಕು ಕಾಲಂ ಹಾಕಿ. ವ್ಯವಹಾರದ ಪ್ರಶ್ನೆ, ಅದಕ್ಕೆ ಉತ್ತರಿಸುವ ಇವೆಂಟ್, ಅದು ನಿಖರವಾಗಿ ಯಾವ ಕ್ಷಣದಲ್ಲಿ ದಾಖಲಾಗಬೇಕು, ಜೊತೆಗೆ ಯಾವ ವಿವರ ಹೋಗಬೇಕು. ಪ್ರಶ್ನೆ ‘ಜನ ಏನು ಮಾಡುತ್ತಾರೆ’ ಎಂದಿದ್ದರೆ ಏನೂ ಪ್ರಯೋಜನವಿಲ್ಲ. ‘ದರದ ಪುಟ ನೋಡಿದವರಲ್ಲಿ ಎಷ್ಟು ಮಂದಿ ಫಾರಂ ತುಂಬಲು ಶುರು ಮಾಡಿದರು, ಅವರಲ್ಲಿ ಎಷ್ಟು ಮಂದಿ ಮುಗಿಸಿದರು’ ಎನ್ನುವುದು ಪ್ರಶ್ನೆ. ಉತ್ತರ ಬಂದರೆ ಏನನ್ನು ಬದಲಿಸುತ್ತೀರಿ ಎಂದು ಕೇಳಿಕೊಳ್ಳಿ. ಏನೂ ಬದಲಾಗದಿದ್ದರೆ ಆ ಸಾಲು ಅಳಿಸಿ. ಸಣ್ಣ ವ್ಯವಹಾರಕ್ಕೆ ಆರರಿಂದ ಹತ್ತು ಇವೆಂಟ್ ಧಾರಾಳವಾಗಿ ಸಾಕು. ನಲವತ್ತು ಇವೆಂಟ್ ಇಟ್ಟುಕೊಂಡು ಒಂದನ್ನೂ ತಾಳೆ ನೋಡದವರಿಗಿಂತ ಎಂಟನ್ನು ಇಟ್ಟುಕೊಂಡು ಎಂಟನ್ನೂ ಪರೀಕ್ಷಿಸಿದವರ ಕೈಯಲ್ಲಿ ಹೆಚ್ಚು ಮಾಹಿತಿ ಇರುತ್ತದೆ.

ಟೂಲುಗಳು ಎರಡು ಜಾತಿಯವು. ಒಂದು ಎಣಿಸುತ್ತದೆ, ಇನ್ನೊಂದು ತೋರಿಸುತ್ತದೆ. ಗೂಗಲ್ ಅನಲಿಟಿಕ್ಸ್ 4, ಮ್ಯಾಟೊಮೊ ಮುಂತಾದವು ಮುಖ್ಯವಾಗಿ ಎಣಿಸುವಂಥವು. ಎಲ್ಲಿಂದ ಬಂದರು, ಎಷ್ಟು ಮಂದಿ, ಯಾವ ಪುಟದಲ್ಲಿ ಬಿಟ್ಟುಹೋದರು ಎಂದು ಹೇಳುತ್ತವೆ. ಮೈಕ್ರೋಸಾಫ್ಟ್ ಕ್ಲಾರಿಟಿ, ಹಾಟ್‌ಜಾರ್ ತೋರಿಸುವ ಜಾತಿ. ಪುಟದ ಮೇಲೆ ಜನ ಎಲ್ಲಿ ಒತ್ತಿದರು ಎಂಬ ಹೀಟ್‌ಮ್ಯಾಪ್, ಒಬ್ಬೊಬ್ಬರ ಭೇಟಿಯ ರೆಕಾರ್ಡಿಂಗ್ ಅದರಲ್ಲಿ ಸಿಗುತ್ತದೆ. ಎಣಿಸುವ ಟೂಲ್ ಒಂದು, ತೋರಿಸುವ ಟೂಲ್ ಒಂದು, ಅಷ್ಟಕ್ಕೆ ನಿಲ್ಲಿಸಿ. ಪ್ರತಿ ಸ್ಕ್ರಿಪ್ಟೂ ಪುಟ ತೆರೆಯುವ ವೇಗವನ್ನು ಒಂದಿಷ್ಟು ತಿನ್ನುತ್ತದೆ. ಕ್ಲಾರಿಟಿ ಪೂರ್ತಿ ಉಚಿತ. ಮ್ಯಾಟೊಮೊ ಓಪನ್ ಸೋರ್ಸ್ ಆದ್ದರಿಂದ ಸ್ವಂತ ಸರ್ವರಿನಲ್ಲೇ ಹಾಕಿಕೊಳ್ಳಬಹುದು. ಮಾಹಿತಿ ಹೊರಗೆ ಹೋಗಬಾರದು ಎನ್ನುವವರಿಗೆ ಅದು ಸರಿ, ಆದರೆ ಸರ್ವರ್ ನೋಡಿಕೊಳ್ಳುವವರು ಬೇಕು.

ಟ್ಯಾಗ್ ಕೂರಿಸುವುದು

ಪ್ರತಿ ಟೂಲಿನ ಕೋಡನ್ನೂ ನೇರವಾಗಿ ಸೈಟಿಗೆ ಅಂಟಿಸುವ ಬದಲು ಗೂಗಲ್ ಟ್ಯಾಗ್ ಮ್ಯಾನೇಜರ್ ಒಂದನ್ನು ಹಾಕಿ, ಉಳಿದೆಲ್ಲವನ್ನೂ ಅದರೊಳಗೆ ಇಡುವುದು ಒಳ್ಳೆಯ ಪದ್ಧತಿ. ಅದು ಕೊಡುವ ಕೋಡು ಎರಡು ತುಂಡು. ಮೊದಲನೆಯದು ಪುಟದ ಹೆಡ್ ಭಾಗದಲ್ಲಿ ಸಾಧ್ಯವಾದಷ್ಟು ಮೇಲೆ, ಎರಡನೆಯದು ಬಾಡಿ ಶುರುವಾದ ತಕ್ಷಣ. ಪ್ರತಿ ಪುಟಕ್ಕೂ ಬರುವ ಟೆಂಪ್ಲೇಟಿನಲ್ಲೇ ಹಾಕಬೇಕು. ಲ್ಯಾಂಡಿಂಗ್ ಪುಟ, ಬ್ಲಾಗ್, ಚೆಕ್‌ಔಟ್ ಬೇರೆ ಬೇರೆ ಟೆಂಪ್ಲೇಟ್ ಬಳಸುತ್ತಿದ್ದರೆ ಒಂದರಲ್ಲಿ ಬಿಟ್ಟುಹೋಗುವುದು ಸಾಮಾನ್ಯ.

ಆಮೇಲೆ ಟ್ಯಾಗ್ ಮ್ಯಾನೇಜರಿನೊಳಗೆ ಹೊಸ ಟ್ಯಾಗ್ ಮಾಡಿ, ‘ಗೂಗಲ್ ಟ್ಯಾಗ್’ ಆರಿಸಿ, ಅನಲಿಟಿಕ್ಸಿನ ಡೇಟಾ ಸ್ಟ್ರೀಮಿನಲ್ಲಿ ಸಿಗುವ ಐಡಿ ಹಾಕಿ. ಅದು ಜಿ ಅಕ್ಷರ, ಒಂದು ಅಡ್ಡಗೆರೆ, ಅಲ್ಲಿಂದ ಶುರುವಾಗುತ್ತದೆ. ಟ್ರಿಗರ್ (ಟ್ಯಾಗ್ ಯಾವಾಗ ಓಡಬೇಕೆಂಬ ಷರತ್ತು) ಆಗಿ ಎಲ್ಲ ಪುಟಗಳಿಗೂ ಅನ್ವಯಿಸುವ ಇನಿಶಿಯಲೈಸೇಷನ್ ಕೊಡಿ. ಪ್ರೀವ್ಯೂ ಒತ್ತಿ ಸೈಟ್ ತೆರೆದು ಟ್ಯಾಗ್ ಒಮ್ಮೆ ಮಾತ್ರ ಓಡಿತೇ ನೋಡಿ, ಕೊನೆಗೆ ಪಬ್ಲಿಷ್ ಮಾಡಿ. ಪಬ್ಲಿಷ್ ಒತ್ತುವವರೆಗೆ ಮಾಡಿದ್ದೆಲ್ಲ ನಿಮ್ಮ ಪ್ರೀವ್ಯೂನಲ್ಲಷ್ಟೇ ಇರುತ್ತದೆ. ಇದನ್ನು ಮರೆತು ‘ಡೇಟಾ ಬರುತ್ತಿಲ್ಲ’ ಎಂದು ದಿನಗಟ್ಟಲೆ ತಲೆಕೆಡಿಸಿಕೊಳ್ಳುವವರು ಕಡಿಮೆಯಿಲ್ಲ.

ಇಲ್ಲಿ ಕೈಕೊಡುವ ದೊಡ್ಡ ತಪ್ಪು ಒಂದೇ: ಎರಡೆರಡು ಸಲ ಟ್ಯಾಗ್. ಹಿಂದೆ ಯಾರೋ ಥೀಮಿನೊಳಗೆ ನೇರವಾಗಿ ಅನಲಿಟಿಕ್ಸ್ ಕೋಡು ಹಾಕಿರುತ್ತಾರೆ, ಯಾವುದೋ ಪ್ಲಗಿನ್ ಇನ್ನೊಂದು ಹಾಕಿರುತ್ತದೆ, ಮೇಲೆ ನೀವು ಟ್ಯಾಗ್ ಮ್ಯಾನೇಜರಿನಿಂದ ಮತ್ತೊಂದು. ಆಗ ಪುಟ ವೀಕ್ಷಣೆ ಇಮ್ಮಡಿಯಾಗುತ್ತದೆ. ಇದರ ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವುದೇ ಇಲ್ಲ. ಸೆಷನ್ (ಒಂದು ಭೇಟಿ) 10 ಸೆಕೆಂಡಿಗಿಂತ ಹೆಚ್ಚು ನಡೆದರೆ, ಅಥವಾ ಅದರಲ್ಲಿ ಒಂದು ಕೀ ಇವೆಂಟ್ (ಮುಖ್ಯವೆಂದು ನೀವು ಗುರುತಿಸಿದ ಇವೆಂಟ್) ಆದರೆ, ಅಥವಾ ಎರಡು ಪುಟ ವೀಕ್ಷಣೆ ಆದರೆ ಅನಲಿಟಿಕ್ಸ್ 4 ಅದನ್ನು ‘ತೊಡಗಿಸಿಕೊಂಡ ಸೆಷನ್’ ಎಂದು ಎಣಿಸುತ್ತದೆ. ಪುಟ ವೀಕ್ಷಣೆ ತಾನಾಗಿ ಎರಡಾದರೆ ಕ್ಷಣದಲ್ಲಿ ಬಿಟ್ಟುಹೋದವರೂ ‘ತೊಡಗಿಸಿಕೊಂಡವರು’ ಆಗಿಬಿಡುತ್ತಾರೆ. ಬೌನ್ಸ್ ದರ (ತೊಡಗಿಸಿಕೊಳ್ಳದ ಸೆಷನ್ನುಗಳ ಪಾಲು) ಇದ್ದಕ್ಕಿದ್ದಂತೆ ಸೊನ್ನೆಯ ಹತ್ತಿರ ಇಳಿದರೆ ಸಂತೋಷಪಡುವ ಮುಂಚೆ ಇದನ್ನು ಪರೀಕ್ಷಿಸಿ. ಪುಟ ರಿಲೋಡ್ ಆಗದೆ ಒಳಗಿನ ತಿರುಳಷ್ಟೇ ಬದಲಾಗುವ ಸೈಟುಗಳಲ್ಲೂ ಇದೇ ಪಾಡು. ಬ್ರೌಸರ್ ಹಿಸ್ಟರಿ ಬದಲಾದಾಗ ಅನಲಿಟಿಕ್ಸ್ ತಾನೇ ಪುಟ ವೀಕ್ಷಣೆ ಕಳಿಸುತ್ತದೆ, ಡೆವಲಪರ್ ಕೂಡ ಕೈಯಿಂದ ಕಳಿಸಿದರೆ ಎರಡಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ.

ಮೊದಲ ದಿನವೇ ತಿರುಗಿಸಬೇಕಾದ ಕೀಲಿಗಳು

ಅನಲಿಟಿಕ್ಸ್ 4ರಲ್ಲಿ ಕೆಲವು ಸೆಟ್ಟಿಂಗ್‌ಗಳು ಹಿಂದಿನ ಡೇಟಾಗೆ ಅನ್ವಯಿಸುವುದಿಲ್ಲ. ತಡವಾದಷ್ಟು ದಿನ ಕಳೆದುಕೊಂಡಂತೆ.

ಡೇಟಾ ರಿಟೆನ್ಷನ್ (ಒಬ್ಬೊಬ್ಬ ಬಳಕೆದಾರರ ವಿವರವಾದ ಡೇಟಾ ಉಳಿಸಿಕೊಳ್ಳುವ ಅವಧಿ) ತಾನಾಗಿ 2 ತಿಂಗಳಿಗೆ ನಿಂತಿರುತ್ತದೆ. ಇದನ್ನು 14 ತಿಂಗಳಿಗೆ ಬದಲಿಸಿ, ಉಚಿತ ಆವೃತ್ತಿಯಲ್ಲಿ ಅದೇ ಗರಿಷ್ಠ. ಬದಲಿಸದಿದ್ದರೆ ಸಾಮಾನ್ಯ ರಿಪೋರ್ಟುಗಳು ಇದ್ದೇ ಇರುತ್ತವೆ, ಆದರೆ ಎಕ್ಸ್‌ಪ್ಲೊರೇಷನ್ನಿನಲ್ಲಿ (ಬೇಕಾದಂತೆ ವಿಶ್ಲೇಷಣೆ ಕಟ್ಟಿಕೊಳ್ಳುವ ವಿಭಾಗ) ಕಳೆದ ವರ್ಷದ ಇದೇ ತಿಂಗಳ ಫನಲ್, ಅಂದರೆ ಯಾವ ಹೆಜ್ಜೆಗೆ ಎಷ್ಟು ಮಂದಿ ಉಳಿದರು ಎಂಬ ಲೆಕ್ಕ, ನೋಡಬೇಕೆಂದರೆ ಸಿಗುವುದಿಲ್ಲ. ಅದಕ್ಕೂ ಹಿಂದಿನದು ಬೇಕೆನ್ನುವವರು ಗೂಗಲ್ಲಿನ ಡೇಟಾ ಸಂಗ್ರಹವಾದ ಬಿಗ್‌ಕ್ವೆರಿಗೆ ಎಕ್ಸ್‌ಪೋರ್ಟ್ ಜೋಡಿಸಿ. ಅಲ್ಲಿಗೂ ಜೋಡಿಸಿದ ದಿನದಿಂದ ಮುಂದಿನದಷ್ಟೇ ಹೋಗುತ್ತದೆ.

ನಿಮ್ಮದೇ ಸಿಬ್ಬಂದಿಯ ಓಡಾಟ ಹೊರಗಿಡಬೇಕು. ಡೇಟಾ ಸ್ಟ್ರೀಮಿನ ಟ್ಯಾಗ್ ಸೆಟ್ಟಿಂಗಿನಲ್ಲಿ ಆಫೀಸಿನ ಐಪಿ ವಿಳಾಸ ಕೊಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಅಡ್ಮಿನ್ ವಿಭಾಗದ ಡೇಟಾ ಫಿಲ್ಟರ್ ಇನ್ನೂ ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಇರುತ್ತದೆ. ಒಂದೆರಡು ದಿನ ಗಮನಿಸಿ ಅದನ್ನು ‘ಆ್ಯಕ್ಟಿವ್’ ಮಾಡಬೇಕು. ಆಮೇಲೆ ಸೋಸಿಹೋದ ಡೇಟಾ ಮರಳಿ ಬರುವುದಿಲ್ಲ, ಹಾಗಾಗಿ ಐಪಿ ಎರಡು ಸಲ ನೋಡಿ ಹಾಕಿ.

ಗ್ರಾಹಕರು ಹಣ ಕಟ್ಟಲು ಪೇಮೆಂಟ್ ಗೇಟ್‌ವೇ ಪುಟಕ್ಕೆ ಹೋಗಿ ಮರಳುವ ಸೈಟಾದರೆ ಆ ಡೊಮೈನನ್ನು ಬೇಡದ ರೆಫರಲ್ (ಬಂದವರನ್ನು ಕಳಿಸಿದ ಸೈಟು) ಪಟ್ಟಿಗೆ ಸೇರಿಸಿ. ಇಲ್ಲವಾದರೆ ಜಾಹೀರಾತಿನಿಂದ ಬಂದು ಕೊಂಡವರ ಶ್ರೇಯ ಗೇಟ್‌ವೇಗೆ ಹೋಗಿಬಿಡುವ ಸಾಧ್ಯತೆ ಇದೆ. ಅಂಗಡಿ ಒಂದು ಡೊಮೈನ್, ಬುಕಿಂಗ್ ಇನ್ನೊಂದು ಡೊಮೈನ್ ಎಂದಿದ್ದರೆ ಎರಡನ್ನೂ ಕ್ರಾಸ್ ಡೊಮೈನ್ ಪಟ್ಟಿಯಲ್ಲಿ ಹಾಕಿ. ಆಗ ಕುಕಿಯ ಸಂಖ್ಯೆ ಲಿಂಕಿನ ಜೊತೆಗೇ ದಾಟುತ್ತದೆ. ಟೈಮ್ ಝೋನ್ ಮತ್ತು ಕರೆನ್ಸಿ ಕೂಡ ಇದೇ ಹೊತ್ತಿನಲ್ಲಿ ಸರಿಮಾಡಿ.

‘ಎನ್‌ಹಾನ್ಸ್ಡ್ ಮೆಜರ್‌ಮೆಂಟ್’ ಎಂಬ ಗುಂಡಿ ಸ್ಕ್ರಾಲ್, ಹೊರಗಿನ ಲಿಂಕ್, ಫೈಲ್ ಡೌನ್‌ಲೋಡ್, ಸೈಟಿನೊಳಗಿನ ಹುಡುಕಾಟ, ಯೂಟ್ಯೂಬ್ ವಿಡಿಯೊ, ಫಾರಂ ಇಷ್ಟನ್ನೂ ತಾನೇ ದಾಖಲಿಸುತ್ತದೆ. ಫಾರಂ ಒಂದನ್ನು ಆಫ್ ಮಾಡಿಡಿ (ಕಾರಣ ಮುಂದೆ ಬರುತ್ತದೆ), ಉಳಿದದ್ದು ಇರಲಿ. ಸ್ಕ್ರಾಲ್ ಮಾತ್ರ ಪುಟದ 90 ಶೇಕಡಾ ತಲುಪಿದಾಗ ಒಮ್ಮೆ ಬರುತ್ತದೆ, ಚಿಕ್ಕ ಪುಟಗಳಲ್ಲಿ ಅದಕ್ಕೆ ಹೆಚ್ಚು ಅರ್ಥವಿಲ್ಲ.

ಫಾರಂ: ಗುಂಡಿ ಒತ್ತಿದ್ದೂ ಕಳಿಸಿದ್ದೂ ಒಂದಲ್ಲ

ಆರಂಭದ 60 ಮತ್ತು 22ರ ಗಂಟು ಸಾಮಾನ್ಯವಾಗಿ ಬಿಚ್ಚುವುದು ಇಲ್ಲಿ. ಟ್ಯಾಗ್ ಮ್ಯಾನೇಜರಿನಲ್ಲಿ ‘ಸಬ್ಮಿಟ್ ಗುಂಡಿ ಒತ್ತಿದಾಗ ಎನ್‌ಕ್ವೈರಿ ಎಂದು ಎಣಿಸು’ ಎಂಬ ಟ್ರಿಗರ್ ಮಾಡುವುದು ಬಹಳ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಒಬ್ಬರು ಮೊಬೈಲಿನಲ್ಲಿ ಫಾರಂ ತುಂಬುತ್ತಿದ್ದಾರೆ ಎಂದುಕೊಳ್ಳಿ. ಫೋನ್ ನಂಬರನ್ನು ನಡುವೆ ಒಂದು ಸ್ಪೇಸ್ ಬಿಟ್ಟು ಬರೆದಿದ್ದಾರೆ, ಫಾರಂ ಅದನ್ನು ಒಪ್ಪುವುದಿಲ್ಲ. ತಪ್ಪಿನ ಕೆಂಪು ಸಾಲು ನಂಬರಿನ ಪೆಟ್ಟಿಗೆಯ ಕೆಳಗೆ ಬಂದಿದೆ, ಆದರೆ ಆ ಪೆಟ್ಟಿಗೆ ಪರದೆಯಿಂದ ಮೇಲಕ್ಕೆ ಸರಿದುಹೋಗಿದೆ. ಅವರಿಗೆ ಕಾಣುವುದು ಗುಂಡಿ ಮಾತ್ರ. ಒತ್ತುತ್ತಾರೆ, ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ, ಮತ್ತೂ ಒಮ್ಮೆ ಒತ್ತಿ ಪುಟ ಮುಚ್ಚುತ್ತಾರೆ. ನಿಮ್ಮ ಲೆಕ್ಕದಲ್ಲಿ ಮೂರು ಎನ್‌ಕ್ವೈರಿ, ನಿಜದಲ್ಲಿ ಕೈತಪ್ಪಿದ ಒಬ್ಬ ಗ್ರಾಹಕ. ಫಾರಂ ಕೆಟ್ಟಷ್ಟೂ ಅಂಕಿ ಏರುತ್ತದೆ!

ಸರಿಯಾದ ಕ್ಷಣ ಯಾವುದೆಂದರೆ ಫಾರಂ ತಲುಪಿತು ಎಂದು ಸರ್ವರ್ ಉತ್ತರ ಕೊಟ್ಟ ಕ್ಷಣ. ಆ ಉತ್ತರ ಬಂದ ಜಾಗದಲ್ಲಿ ಡೇಟಾಲೇಯರಿಗೆ (ಟ್ಯಾಗ್ ಮ್ಯಾನೇಜರ್ ಓದಿಕೊಳ್ಳಲು ಪುಟ ಬರೆದಿಡುವ ಪಟ್ಟಿ) ಒಂದು ಸಾಲು ಪುಶ್ ಮಾಡಲು ಡೆವಲಪರಿಗೆ ಹೇಳಿ. ಹೆಸರಿಗೆ ಗೂಗಲ್ ತಾನೇ ಸೂಚಿಸಿರುವ ‘ಜನರೇಟ್_ಲೀಡ್’ (generate_lead) ಬಳಸಿ, ಜೊತೆಗೆ ಯಾವ ಫಾರಂ ಎಂಬ ವಿವರ ಇರಲಿ. ಟ್ಯಾಗ್ ಮ್ಯಾನೇಜರಿನಲ್ಲಿ ಅದೇ ಹೆಸರಿನ ಕಸ್ಟಮ್ ಇವೆಂಟ್ ಟ್ರಿಗರ್, ಅದಕ್ಕೊಂದು ಅನಲಿಟಿಕ್ಸ್ ಇವೆಂಟ್ ಟ್ಯಾಗ್. ಕೊನೆಗೆ ಅನಲಿಟಿಕ್ಸಿನಲ್ಲಿ ಅದನ್ನು ಕೀ ಇವೆಂಟ್ ಎಂದು ಗುರುತಿಸಿ. 2024ರವರೆಗೆ ಇದನ್ನೇ ಕನ್ವರ್ಷನ್ ಎನ್ನುತ್ತಿದ್ದರು, ಹಳೆಯ ಪಾಠಗಳಲ್ಲಿ ಆ ಹೆಸರು ಕಂಡರೆ ಗೊಂದಲ ಬೇಡ. ಡೆವಲಪರ್ ಸಿಗದಿದ್ದರೆ ‘ಧನ್ಯವಾದ’ ಪುಟ ತೆರೆದದ್ದನ್ನು ಎಣಿಸಬಹುದು, ಆದರೆ ಆ ಪುಟ ರಿಫ್ರೆಶ್ ಮಾಡಿದಾಗಲೆಲ್ಲ ಒಂದೊಂದು ಹೆಚ್ಚಾಗುತ್ತದೆ. ಸ್ವಯಂಚಾಲಿತ ಫಾರಂ ಎಣಿಕೆಯನ್ನು ಆಫ್ ಮಾಡಲು ಹೇಳಿದ್ದು ಇದಕ್ಕೇ. ಕೆಲವು ಫಾರಂಗಳಲ್ಲಿ ಅದು ಬರುವುದೇ ಇಲ್ಲ, ಕೆಲವೆಡೆ ಹುಡುಕುವ ಪೆಟ್ಟಿಗೆಯನ್ನೂ ಫಾರಂ ಎಂದು ಎಣಿಸುತ್ತದೆ.

ಇವೆಂಟ್ ಹೆಸರು 40 ಅಕ್ಷರ ಮೀರಬಾರದು, ಸ್ಪೇಸ್ ಇರಬಾರದು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ, ಆದ್ದರಿಂದ ಎಲ್ಲವೂ ಸಣ್ಣಕ್ಷರ ಎಂದು ನಿಯಮ ಮಾಡಿಕೊಳ್ಳಿ. ಇವೆಂಟಿನ ಜೊತೆ ಕಳಿಸಿದ ‘ಯಾವ ಫಾರಂ’ ಎಂಬಂಥ ವಿವರ ರಿಪೋರ್ಟಿನಲ್ಲಿ ಕಾಣಬೇಕಾದರೆ ಅದನ್ನು ಕಸ್ಟಮ್ ಡೈಮೆನ್ಷನ್ ಆಗಿ ನೋಂದಾಯಿಸಬೇಕು, ನೋಂದಾಯಿಸಿದ ದಿನದಿಂದಷ್ಟೇ ಕಾಣುತ್ತದೆ. ಉಚಿತ ಆವೃತ್ತಿಯಲ್ಲಿ ಇಂಥ 50ಕ್ಕೆ ಜಾಗವಿದೆ. ಆರ್ಡರ್ ಸಂಖ್ಯೆಯಂತೆ ಪ್ರತಿ ಸಲ ಬದಲಾಗುವ ಮೌಲ್ಯವನ್ನು ಅಲ್ಲಿಗೆ ತುಂಬಬೇಡಿ. ದಿನಕ್ಕೆ 500ಕ್ಕಿಂತ ಹೆಚ್ಚು ಬೇರೆ ಬೇರೆ ಮೌಲ್ಯ ಬಂದರೆ ರಿಪೋರ್ಟಿನಲ್ಲಿ ಹಲವು ಸಾಲುಗಳು ‘ಇತರೆ’ ಎಂಬ ಒಂದೇ ಸಾಲಿನೊಳಗೆ ಸೇರಿಹೋಗಬಹುದು. ಖರೀದಿ ಇವೆಂಟಿಗಂತೂ ಮೂರು ತಪ್ಪದೆ ಇರಲಿ: ಮೊತ್ತ (ಅಲ್ಪವಿರಾಮ, ಹಣದ ಚಿಹ್ನೆ ಇಲ್ಲದ ಬರೀ ಸಂಖ್ಯೆ), ಮೂರಕ್ಷರದ ಕರೆನ್ಸಿ ಸಂಕೇತ, ಟ್ರಾನ್ಸಾಕ್ಷನ್ ಐಡಿ. ಐಡಿ ಇದ್ದರೆ ಅದೇ ಬಳಕೆದಾರರ ಅದೇ ಆರ್ಡರ್ ಎರಡು ಸಲ ಬಂದರೂ ಒಮ್ಮೆ ಮಾತ್ರ ಎಣಿಕೆಯಾಗುತ್ತದೆ.

ಎಲ್ಲಿಂದ ಬಂದರು

ಇಮೇಲ್, ಚಾಟ್ ಆ್ಯಪ್, ಪಿಡಿಎಫ್, ಕ್ಯೂಆರ್ ಕೋಡ್ ಇವುಗಳಿಂದ ಬಂದವರ ಮೂಲ ಬ್ರೌಸರಿಗೆ ಹೆಚ್ಚಾಗಿ ಗೊತ್ತಾಗುವುದಿಲ್ಲ, ಎಲ್ಲವೂ ‘ಡೈರೆಕ್ಟ್’ ಬುಟ್ಟಿಗೆ ಬೀಳುತ್ತವೆ. ನೀವೇ ಹಂಚುವ ಪ್ರತಿ ಲಿಂಕಿಗೂ ಸೋರ್ಸ್, ಮೀಡಿಯಂ, ಕ್ಯಾಂಪೇನ್ ಎಂಬ ಮೂರು ಯುಟಿಎಂ ಗುರುತು (ಲಿಂಕಿನ ಕೊನೆಗೆ ಸೇರಿಸುವ ಪದಗಳು) ಹಚ್ಚಿದರೆ ಇದು ಬಗೆಹರಿಯುತ್ತದೆ. ಬಳಸುವ ಪದಗಳನ್ನು ಮೊದಲೇ ಆ ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ. ಇಮೇಲ್ ಕಳಿಸುವವರು ಮೀಡಿಯಂ ಜಾಗದಲ್ಲಿ ‘ಇಮೇಲ್’ ಬದಲು ‘ನ್ಯೂಸ್‌ಲೆಟರ್’ ಎಂದು ಬರೆದರೆ ಅನಲಿಟಿಕ್ಸಿಗೆ ಆ ಚಾನೆಲ್ ಗುರುತು ಸಿಗದೆ ‘ಅನ್‌ಅಸೈನ್ಡ್’ ಆಗುತ್ತದೆ. ಸೈಟಿನ ಒಳಗಿನ ಬ್ಯಾನರಿಗೆ ಮಾತ್ರ ಯುಟಿಎಂ ಎಂದಿಗೂ ಹಚ್ಚಬೇಡಿ. ಹುಡುಕಾಟದಿಂದ ಬಂದವರು ಆ ಬ್ಯಾನರ್ ಒತ್ತಿದರೆ ಶ್ರೇಯ ಬ್ಯಾನರಿಗೆ ಹೋಗುತ್ತದೆ.

ರೆಕಾರ್ಡಿಂಗ್ ನೋಡುವ ಬಗೆ

ರೆಕಾರ್ಡಿಂಗ್ ಎಂದರೆ ಪರದೆಯ ವಿಡಿಯೊ ಅಲ್ಲ. ಪುಟದ ರಚನೆ, ಅದರಲ್ಲಾದ ಬದಲಾವಣೆ, ಮೌಸ್ ಮತ್ತು ಬೆರಳಿನ ಚಲನೆ ಇವನ್ನು ಬರೆದಿಟ್ಟುಕೊಂಡು ಆಮೇಲೆ ಪುಟವನ್ನು ಮತ್ತೆ ಕಟ್ಟಿ ತೋರಿಸುತ್ತದೆ. ಹಾಗಾಗಿ ಪುಟದಲ್ಲಿ ಮರೆಮಾಡದ ಹೆಸರು, ವಿಳಾಸ, ಆರ್ಡರ್ ವಿವರ ಇದ್ದರೆ ಅವೂ ಹೋಗುತ್ತವೆ. ಕ್ಲಾರಿಟಿಯಲ್ಲಿ ಮಾಸ್ಕಿಂಗ್ (ಹೀಗೆ ಮರೆಮಾಡುವುದು) ಮೂರು ಹಂತ: ಸ್ಟ್ರಿಕ್ಟ್, ಬ್ಯಾಲೆನ್ಸ್ಡ್, ರಿಲ್ಯಾಕ್ಸ್ಡ್. ಸುಮ್ಮನೆ ಬಿಟ್ಟರೆ ಬ್ಯಾಲೆನ್ಸ್ಡ್. ಲಾಗಿನ್ ಆದ ಮೇಲಿನ ಪುಟಗಳು, ಖಾತೆ ವಿವರ, ಆರೋಗ್ಯ ಅಥವಾ ಹಣಕಾಸಿನ ಮಾಹಿತಿ ಇರುವ ಸೈಟಿಗೆ ಸ್ಟ್ರಿಕ್ಟ್ ಇಡಿ. ಟೂಲ್ ಹಾಕಿದ ದಿನವೇ ನೀವೇ ಒಂದು ಫಾರಂ ತುಂಬಿ, ಆ ರೆಕಾರ್ಡಿಂಗ್ ತೆರೆದು ಏನೇನು ಕಾಣುತ್ತಿದೆ ಎಂದು ಕಣ್ಣಾರೆ ನೋಡಿ.

ಸಿಕ್ಕ ಸಿಕ್ಕ ರೆಕಾರ್ಡಿಂಗ್ ನೋಡುತ್ತ ಕೂತರೆ ದಿನ ಕಳೆಯುತ್ತದೆ, ಏನೂ ಸಿಗುವುದಿಲ್ಲ. ಮೊದಲು ಅನಲಿಟಿಕ್ಸಿನ ಫನಲ್ ನೋಡಿ ಯಾವ ಹೆಜ್ಜೆಯಲ್ಲಿ ಜನ ಉದುರುತ್ತಿದ್ದಾರೆ ಎಂದು ಗುರುತಿಸಿ. ಆಮೇಲೆ ಕ್ಲಾರಿಟಿಯಲ್ಲಿ ಆ ಪುಟ, ಮೊಬೈಲ್, ‘ರೇಜ್ ಕ್ಲಿಕ್’ ಎಂದು ಸೋಸಿ. ಒಂದೇ ಜಾಗದಲ್ಲಿ ಪಟಪಟನೆ ಒತ್ತಿದ್ದು ರೇಜ್ ಕ್ಲಿಕ್, ಒತ್ತಿದರೂ ಏನೂ ಆಗದ್ದು ಡೆಡ್ ಕ್ಲಿಕ್, ಪುಟಕ್ಕೆ ಹೋಗಿ ಕೂಡಲೇ ಹಿಂದೆ ಬಂದದ್ದು ಕ್ವಿಕ್ ಬ್ಯಾಕ್. ಹೀಗೆ ಸೋಸಿದ ಹದಿನೈದು ಇಪ್ಪತ್ತು ರೆಕಾರ್ಡಿಂಗ್ ಸಾಕು, ಆ ಫೋನ್ ನಂಬರಿನ ಸ್ಪೇಸ್ ಕಣ್ಣಿಗೆ ಬೀಳುತ್ತದೆ. ಹೀಟ್‌ಮ್ಯಾಪನ್ನು ಮೊಬೈಲಿಗೂ ಡೆಸ್ಕ್‌ಟಾಪಿಗೂ ಬೇರೆ ಬೇರೆಯಾಗಿಯೇ ನೋಡಿ.

ಒಪ್ಪಿಗೆ

ನಡೆ ಅಳೆಯುವ ಮೊದಲು ಒಪ್ಪಿಗೆ ಕೇಳುವುದು ಬರೀ ಕಾನೂನಿನ ಮಾತಲ್ಲ, ಬಂದವರಿಗೆ ಸಲ್ಲಬೇಕಾದ ಮರ್ಯಾದೆ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆ ಜಿಡಿಪಿಆರ್ ಅಲ್ಲಿನ ಜನರಿಗೆ ಸೇವೆ ನೀಡುವ ಅಥವಾ ಅವರ ನಡೆಯನ್ನು ಗಮನಿಸುವ ಹೊರದೇಶದ ವ್ಯವಹಾರಗಳಿಗೂ ಅನ್ವಯಿಸುತ್ತದೆ. ಬೇರೆ ಹಲವು ದೇಶಗಳಲ್ಲೂ ಇಂಥ ಕಾಯ್ದೆಗಳಿವೆ. ನಿಮ್ಮ ಗ್ರಾಹಕರು ಎಲ್ಲಿಯವರೋ ಅಲ್ಲಿನ ನಿಯಮ ನೋಡಿಕೊಳ್ಳಿ. ತಾಂತ್ರಿಕವಾಗಿ ಎಡವುವುದು ಕ್ರಮದಲ್ಲಿ. ಒಪ್ಪಿಗೆ ಕೇಳುವ ಬ್ಯಾನರ್ ಕಾಣುವಷ್ಟರಲ್ಲಿ ಟ್ಯಾಗುಗಳು ಓಡಿಬಿಟ್ಟಿರುತ್ತವೆ. ‘ಒಪ್ಪಿಗೆ ಇಲ್ಲ’ ಎಂಬ ಆರಂಭಿಕ ಸ್ಥಿತಿ ಎಲ್ಲಕ್ಕಿಂತ ಮೊದಲು ಬರಬೇಕು. ಟ್ಯಾಗ್ ಮ್ಯಾನೇಜರಿನಲ್ಲಿ ಅದಕ್ಕೆಂದೇ ಕನ್ಸೆಂಟ್ ಇನಿಶಿಯಲೈಸೇಷನ್ ಎಂಬ ಟ್ರಿಗರ್ ಇದೆ. ‘ಬೇಡ’ ಗುಂಡಿ ‘ಸರಿ’ ಗುಂಡಿಯ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ ಇರಲಿ. ಬ್ಯಾನರ್ ಹಾಕಿದ ವಾರ ಅಂಕಿ ಇಳಿಯುತ್ತದೆ, ವ್ಯಾಪಾರ ಇಳಿಯಿತೆಂದು ಹೆದರಬೇಡಿ.

ಇನ್ನೊಂದು ಸೋರಿಕೆ ಇದೆ. ಕೆಲವು ಫಾರಂಗಳು ತುಂಬಿದ ವಿವರವನ್ನು ಪುಟದ ವಿಳಾಸದಲ್ಲೇ (ಯುಆರ್‌ಎಲ್) ಸೇರಿಸಿ ಕಳಿಸುತ್ತವೆ. ಮುಂದಿನ ಪುಟದ ಯುಆರ್‌ಎಲ್ಲಿನಲ್ಲಿ ಇಮೇಲ್, ಫೋನ್ ನಂಬರ್ ಕಾಣುತ್ತದೆ, ಅದು ಹಾಗೆಯೇ ಅನಲಿಟಿಕ್ಸಿಗೆ ಹೋಗುತ್ತದೆ. ಗೂಗಲ್ ನಿಯಮದ ಪ್ರಕಾರ ಅದು ನಿಷಿದ್ಧ. ಪುಟಗಳ ರಿಪೋರ್ಟಿನಲ್ಲಿ ಇಮೇಲಿನ ಸುರುಳಿ ಚಿಹ್ನೆಯನ್ನು (@) ಹುಡುಕಿ ನೋಡಿ, ಸಿಕ್ಕರೆ ಫಾರಂ ಕಳಿಸುವ ವಿಧಾನವನ್ನೇ ಪೋಸ್ಟಿಗೆ (ವಿವರ ವಿಳಾಸದಲ್ಲಿ ಸೇರದ ವಿಧಾನ) ಬದಲಿಸಿ.

ತಾಳೆ

ಡೀಬಗ್‌ವ್ಯೂ (ಇವೆಂಟ್ ಬಂದ ಹಾಗೆಯೇ ತೋರಿಸುವ ಅನಲಿಟಿಕ್ಸಿನ ಪುಟ) ತೆರೆದಿಟ್ಟು, ಪ್ರೀವ್ಯೂ ಒತ್ತಿ ತೆರೆದ ಸೈಟಿನಲ್ಲಿ ನಿಮ್ಮ ಹಾಳೆಯ ಪ್ರತಿ ಸಾಲನ್ನೂ ಮಾಡಿ ನೋಡಿ. ಫಾರಂ ಒಮ್ಮೆ ತಪ್ಪಾಗಿ ತುಂಬಿ, ಇವೆಂಟ್ ಬರಬಾರದು. ಒಮ್ಮೆ ಸರಿಯಾಗಿ ತುಂಬಿ, ಒಂದೇ ಸಲ ಬರಬೇಕು. ಐಫೋನಿನಲ್ಲಿ, ಆಂಡ್ರಾಯ್ಡಿನಲ್ಲಿ, ಒಪ್ಪಿಗೆ ನಿರಾಕರಿಸಿ, ಹೀಗೆ ಎಲ್ಲ ಬಗೆಯಲ್ಲೂ. ಸಾಮಾನ್ಯ ರಿಪೋರ್ಟಿನಲ್ಲಿ ಅಂಕಿ ನೆಲೆಗೊಳ್ಳಲು 24ರಿಂದ 48 ಗಂಟೆ ಹಿಡಿಯುತ್ತದೆ, ಅಂದೇ ಸಂಜೆ ನೋಡಿ ‘ಬಂದಿಲ್ಲ’ ಎಂದು ಮತ್ತೊಂದು ಟ್ಯಾಗ್ ಸೇರಿಸಬೇಡಿ.

ಎರಡು ವಾರ ಪ್ರತಿದಿನ ಅನಲಿಟಿಕ್ಸಿನ ಎನ್‌ಕ್ವೈರಿ ಸಂಖ್ಯೆಯನ್ನೂ ಇನ್‌ಬಾಕ್ಸ್ ಅಥವಾ ಆರ್ಡರ್ ಪಟ್ಟಿಯ ಸಂಖ್ಯೆಯನ್ನೂ ಅಕ್ಕಪಕ್ಕ ಬರೆಯಿರಿ. ಅನಲಿಟಿಕ್ಸಿನದು ಸ್ವಲ್ಪ ಕಡಿಮೆ ಬರುವುದು ಸಹಜ, ಬ್ಲಾಕರ್ ಮತ್ತು ಒಪ್ಪಿಗೆಯ ಕಾರಣಕ್ಕೆ. ಕೊರತೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೆ ಆ ಅಂಕಿಯನ್ನು ಹೋಲಿಕೆಗೆ ಬಳಸಬಹುದು. ಹೆಚ್ಚು ಬಂದರೆ ಎಲ್ಲೋ ಎರಡೆರಡು ಎಣಿಕೆಯಾಗುತ್ತಿದೆ. ಒಂದು ದಿನ ಏಕಾಏಕಿ ಸೊನ್ನೆಯಾದರೆ ಹಿಂದಿನ ದಿನ ಸೈಟಿನಲ್ಲಿ ಏನು ಬದಲಾಯಿತು ಎಂದು ಕೇಳಿ. ಹೊಸ ಥೀಮ್, ಬದಲಾದ ಫಾರಂ ಪ್ಲಗಿನ್, ಹೊರಗಿನ ಸ್ಕ್ರಿಪ್ಟನ್ನು ತಡೆಯುವ ಹೊಸ ಭದ್ರತಾ ನಿಯಮ, ಇವುಗಳಲ್ಲೊಂದು ಇರುವ ಸಂಭವ ಹೆಚ್ಚು. ಅದಕ್ಕಾಗಿ ಅದೇ ಸ್ಪ್ರೆಡ್‌ಶೀಟಿನಲ್ಲಿ ಇನ್ನೊಂದು ಹಾಳೆ ಮಾಡಿ, ಸೈಟಿನಲ್ಲಾದ ಪ್ರತಿ ಬದಲಾವಣೆಯ ದಿನಾಂಕ, ಮಾಡಿದವರ ಹೆಸರು, ಟ್ಯಾಗ್ ಮ್ಯಾನೇಜರಿನ ಆವೃತ್ತಿ ಸಂಖ್ಯೆ ಬರೆಯುತ್ತ ಹೋಗಿ. ಟ್ಯಾಗ್ ಕೆಟ್ಟರೆ ಹಿಂದಿನ ಆವೃತ್ತಿಯನ್ನು ಆರಿಸಿ ಮತ್ತೆ ಪಬ್ಲಿಷ್ ಮಾಡಿದರೆ ಕೆಲವೇ ನಿಮಿಷದಲ್ಲಿ ಹಳೆಯ ಸ್ಥಿತಿಗೆ ಬರುತ್ತದೆ. ಆದರೆ ಅದಕ್ಕೆ ಅಡ್ಮಿನ್ ಹಕ್ಕು ವ್ಯವಹಾರದ ಸ್ವಂತ ಖಾತೆಯಲ್ಲಿರಬೇಕು, ಹೊರಗಿನ ಏಜೆನ್ಸಿಯ ಖಾತೆಯಲ್ಲಲ್ಲ. ಅದನ್ನು ಇಂದೇ ತೆರೆದು ನೋಡಿ.